ಕಪ್ಪಿನ ಹಿಡಿಗೆ ಕೆಂಪು ದಾರ

ಹದಿನಾಲ್ಕು, ಮಂಗಳವಾರ

ಹೊಲಿಗೆ ಅಂಗಡಿಯಲ್ಲಿ ಕತ್ತರಿ ಅದಲುಬದಲಾಗದಿರಲಿ ಎಂದು ಒಬ್ಬೊಬ್ಬರೂ ಒಂದೊಂದು ಬಣ್ಣದ ದಾರ ಕಟ್ಟುತ್ತೇವೆ. ನನ್ನದು ಕೆಂಪು. ಇವತ್ತು ಅದೇ ದಾರ ಒಂದು ಚಹಾ ಕಪ್ಪಿನ ಹಿಡಿಯಲ್ಲಿತ್ತು.

"ಯಾರೇ ಕಟ್ಟಿದ್ದು?"

ಗುಂಡಿ ಹೊಲಿಯುವವಳು ತಲೆ ತಗ್ಗಿಸಿದಳು. "ನಾನೇ ಅಕ್ಕಾ. ಕ್ಯಾನ್ಸರ್ ವಾಸಿಯಾಯ್ತು ಅಂತೀರಿ, ಸರಿ. ಆದ್ರೂ ಮನೇಲಿ ಮಕ್ಕಳಿದ್ದಾವೆ ನೋಡಿ."

ಮೈಯೆಲ್ಲ ಉರಿದುಹೋಯಿತು. ಕಪ್ಪನ್ನು ಗೋಡೆಗೆ ಅಪ್ಪಳಿಸಿದೆ. ಚೂರು ಅವಳ ಕಾಲಬುಡಕ್ಕೆ ಸಿಡಿಯಿತು. ಆಮೇಲೆ ಎಲ್ಲರ ಕಪ್ಪನ್ನೂ ಎತ್ತೆತ್ತಿ ಒಂದೊಂದು ಗುಟುಕು ಕುಡಿದೆ, ನಾಲಿಗೆ ಸುಟ್ಟರೂ ಬಿಡಲಿಲ್ಲ. ದಾರದ ರೀಲನ್ನು ಅವಳ ಮುಖಕ್ಕೇ ಎಸೆದೆ. "ಈಗ ಎಲ್ಲದಕ್ಕೂ ಕಟ್ಟು!"

ಮನೆಗೆ ಬಂದು ಗಂಡನಿಗೆ ಹೇಳುತ್ತ, ಅವರ ಲೋಟದಿಂದಲೇ ತಣ್ಣೀರು ಕುಡಿದೆ.

"ಥೂ, ಎಂಥಾ ಜನ!" ಎಂದರು. ಎದ್ದು ಹೋಗಿ, ಲೋಟ ತೊಳೆದರು.