ಅಂಗಳದಲ್ಲಿ ಒಂದೇ ಸಾಲು

ಕರಕ್ ಸೀಮೆ, ಜೋರ್ಡಾನ್
೫ ಜುಲೈ ೨೦೨೧, ಸೋಮವಾರ

ನನ್ನ ಮುದ್ದು ತಂಗಿ ವಿದಾದ್,

ನಿನ್ನ ಅಕ್ಕನ ಪ್ರೀತಿಯ ನೆನಪುಗಳು. ಬೆತ್ಲೆಹೇಮಿನ ಮಠದವರು ನಿನಗೆ ಯಾವ ಹೊಸ ಹೆಸರಿಟ್ಟಿದ್ದರೂ ನನ್ನ ಕೈ ಹಳೆಯದನ್ನೇ ಬರೆಯುತ್ತದೆ. ಸಿಸ್ಟರುಗಳೆಲ್ಲ ಆರೋಗ್ಯವೇ? ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಬೇಸರಿಸಬೇಡ. ಮನೆಗೆಲಸದ ನೆಪ ಹೇಳಲಾರೆ. ಕೂತರೆ ಪೆನ್ನು ಓಡುತ್ತಿರಲಿಲ್ಲ, ಅಷ್ಟೆ.

ನಿನ್ನೆ ನಮ್ಮ ಚರ್ಚಿನ ಬಾಗಿಲು ತೆರೆಯಿತು. ಚಳಿಗಾಲದಿಂದ ನಾವು ಪೂಜೆ ಕಂಡದ್ದೆಲ್ಲ ಮೊಬೈಲಿನಲ್ಲಿ. ನಿನ್ನ ಭಾವ ಸಲೀಂ ಸೋಫಾದ ಮೇಲೆ ಕಾಲು ಚಾಚಿ, ಚಹಾ ಹೀರುತ್ತಾ ಆಮೆನ್ ಅನ್ನುವುದಕ್ಕೆ ಒಗ್ಗಿಹೋಗಿದ್ದರು. ನಿನ್ನೆಯೂ "ಈಗ್ಲೂ ಫೋನಲ್ಲಿ ತೋರಿಸ್ತಾರಂತಲ್ಲ" ಎಂದರು. "ಪರಮಪ್ರಸಾದ ಫೋನಿಂದ ಹೊರಗೆ ಬರುತ್ತೇನ್ರಿ?" ಎಂದೆ. ಎದ್ದು ಬೂಟು ಹುಡುಕಿದರು.

ಬೆಂಚು ಬಿಟ್ಟು ಬೆಂಚಿಗೆ ಹಗ್ಗ ಕಟ್ಟಿದ್ದರು. ಎಲ್ಲರ ಮುಖಕ್ಕೂ ಮಾಸ್ಕು. ಮೊದಲ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಒಬ್ಬೊಬ್ಬರೇ ನಿಲ್ಲಿಸಿ, ಕೊನೆಗೆ ಹಾಡನ್ನು ಮುಗಿಸಿದ್ದು ಹಾರ್ಮೋನಿಯಂ ಮಾತ್ರ.

ಆದರೆ ನಾನು ಹೇಳಬೇಕಾದದ್ದು ಪೂಜೆಯ ನಂತರದ್ದು. ನಮ್ಮ ಹೊಸ ಪಾದ್ರಿ ಅಬೂನಾ ರಫೀಕ್ ಹೋದ ವಾರ ಮನೆಗೆ ಬಂದಿದ್ದರು. ಬಾಗಿಲು ಮುಚ್ಚಿದ್ದಾಗ ತೀರಿಕೊಂಡವರಿಗೆ ಸಂತಾಪ ಹೇಳಲು ಯಾರೂ ಸೇರಿರಲಿಲ್ಲವಲ್ಲ, ಅಮ್ಮನನ್ನು ಹೂಳುವಾಗಲೂ ನಾವು ಬೆರಳೆಣಿಕೆಯ ಜನ. ಅದಕ್ಕೆ ಆ ಮನೆಗಳವರೆಲ್ಲ ಚರ್ಚಿನ ಅಂಗಳದಲ್ಲಿ ಒಂದೇ ಸಾಲಾಗಿ ನಿಲ್ಲಲಿ, ಊರವರು ಎದುರು ಹಾದು ಸಂತಾಪ ಹೇಳಲಿ ಎಂದರು. "ಬದುಕಿರೋರಿಗೆ ಹೇಳೋ ಮಾತನ್ನ ಇಟ್ಕೊಂಡು ಕೂತ್ರೆ ಹಳಸುತ್ತೆ" ಎಂದರು.

ಮಿತ್ರಿ ಚಿಕ್ಕಪ್ಪ ಅಲ್ಲೇ ಇದ್ದರು. "ಹನಾನ್ ಆ ಸಾಲಲ್ಲಿ ನಿಂತ್ರೆ ನಾನು ನಿಲ್ಲಲ್ಲ. ಅವಳ ಗಂಡ ತಂದ ರೋಗ ನಮ್ಮತ್ತಿಗೆಯನ್ನ ತಿಂತು."

ಹನಾನಳ ಗಂಡ ಔದೆ ನಿನಗೆ ನೆನಪಿರಬೇಕು, ಅಮ್ಮಾನ್ ಪಟ್ಟಣಕ್ಕೆ ಬಸ್ಸು ಓಡಿಸುತ್ತಿದ್ದವನು. ಊರಿನಲ್ಲಿ ಮೊದಲು ಜ್ವರ ಬಂದದ್ದು ಅವನಿಗೆ. ಅದಕ್ಕೆ ಸ್ವಲ್ಪ ಮುಂಚೆ ಅಮ್ಮ ಕಣ್ಣಿನ ಡಾಕ್ಟರನ್ನು ನೋಡಲು ಅವನ ಬಸ್ಸಿನಲ್ಲೇ ಹೋಗಿಬಂದಿದ್ದಳು. ಇಬ್ಬರೂ ಉಳಿಯಲಿಲ್ಲ. ಆಮೇಲೆ ಹನಾನಳ ಬಾಗಿಲನ್ನು ಊರಿನವರು ಯಾರೂ ತಟ್ಟಲಿಲ್ಲ. ಅಂಗಡಿಯವನು ಸಾಮಾನನ್ನು ಮೆಟ್ಟಿಲ ಮೇಲಿಟ್ಟು ಓಡುತ್ತಿದ್ದ.

"ಅವಳು ಬರಲ್ಲ ಅಂದಿದಾಳೆ. ನಾನು ಕರೆದ್ರೆ ಅದು ಪಾದ್ರಿಯ ಮಾತು. ನೀವು ಕರೆದ್ರೆ ಬೇರೆ" ಎಂದರು ಅಬೂನಾ, ನನ್ನ ಕಡೆ ತಿರುಗಿ.

ಶನಿವಾರ ಸಂಜೆ ಹೋದೆ. ಹನಾನ್ ಬಾಗಿಲು ತೆರೆದಳು, ಒಳಗೆ ಬಾ ಎನ್ನಲಿಲ್ಲ.

"ಏನು, ನಮ್ಮನೆಯಿಂದ್ಲೇ ಬಂತು ಅಂತ ನನ್ನ ಬಾಯಿಂದ ಕೇಳೋಕೆ ಬಂದ್ಯಾ?"

"ಇಲ್ಲ."

"ಬಂದಿರಬಹುದು, ನಂಗೂ ಗೊತ್ತಿಲ್ಲ. ಮೈ ಬಿಸಿ ಆಯ್ತು ಅಂತ ಗೊತ್ತಾದ ದಿನದಿಂದ ಅವನು ಬಸ್ ಹತ್ತಲಿಲ್ಲ. ಅದಕ್ಕೂ ಮುಂಚೆ ಯಾರಿಗೆ ಗೊತ್ತಿತ್ತು? ನಿಮ್ಮಮ್ಮನ್ನ ಕೈ ಹಿಡಿದು ಇಳಿಸಿದ್ನಂತೆ. ಹಿಡೀಬಾರದಿತ್ತು, ಹಿಡೀಬಾರದಿತ್ತು ಅಂತ ಉಸಿರು ನಿಲ್ಲೋವರೆಗೂ ಅದನ್ನೇ ಹೇಳ್ತಿದ್ದ."

ಸಮಾಧಾನದ ಮಾತು ಏನೇನೋ ಯೋಚಿಸಿಕೊಂಡು ಹೋಗಿದ್ದೆ. ಹೇಳಿದ್ದು ಬೇರೆಯೇ.

"ನಂಗೆ ಒಬ್ಬಳೇ ನಿಲ್ಲೋಕಾಗಲ್ಲ ಹನಾನ್. ತಂಗಿ ಮಠದಲ್ಲಿದಾಳೆ. ಪಕ್ಕದಲ್ಲಿ ಒಂದು ಹೆಣ್ಣುಜೀವ ಬೇಕು."

"ನಿಮ್ಮ ಚಿಕ್ಕಪ್ಪ?"

"ಅವರಿಗೆ ಮೀಸೆ ಇದೆ, ಅಷ್ಟೆ."

ನಗು ಬಂದದ್ದಕ್ಕೆ ನಾಚಿದವಳಂತೆ ಬಾಯಿ ಮುಚ್ಚಿಕೊಂಡಳು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದಳು.

ನಿನ್ನೆ ಬಂದಳು. ಪೂಜೆ ಮುಗಿದ ಮೇಲೆ ಕೈ ಹಿಡಿದು ನನ್ನ ಪಕ್ಕಕ್ಕೆ ನಿಲ್ಲಿಸಿಕೊಂಡೆ. ಚಿಕ್ಕಪ್ಪ ಹೇಳಿದ ಹಾಗೇ ಸಾಲು ಬಿಟ್ಟು ಗೋಡೆಯ ಹತ್ತಿರ ಹೋಗಿ ನಿಂತರು. ಜನ ಬರತೊಡಗಿದರು. ಮುಂದೆ ಇದ್ದದ್ದು ಮುದುಕಿ ಉಮ್ ಸಬ್ರಿ. ನನ್ನೆದುರು ಎದೆಯ ಮೇಲೆ ಕೈಯಿಟ್ಟು "ನಿಮ್ಮಮ್ಮನ ಉಳಿದ ಆಯುಸ್ಸು ನಿಂಗಿರಲಿ ಮಗಳೇ" ಎಂದಳು. ಹನಾನಳ ಎದುರು ಬಂದು ನಿಂತೇಬಿಟ್ಟಳು. ಹಿಂದಿನವರೂ ನಿಂತರು. ಹನಾನಳ ಕೈಯನ್ನು ನಾನು ಬಿಡಲಿಲ್ಲ.

"ನಿನ್ನ ಗಂಡ ಬಸ್ಸಲ್ಲಿ ನನ್ನನ್ನ ಯಾವತ್ತೂ ನಿಲ್ಲಿಸ್ಕೊಂಡು ಕರ್ಕೊಂಡು ಹೋದೋನಲ್ಲ. ಯಾರಾದ್ರೂ ಗಟ್ಟಿ ಆಳನ್ನ ಎಬ್ಬಿಸಿ ಕೂರಿಸ್ತಿದ್ದ" ಎಂದು ಅವಳನ್ನು ತಬ್ಬಿಕೊಂಡಳು ಮುದುಕಿ. ಮುಟ್ಟಬಾರದೆಂದು ಆಗಷ್ಟೇ ಸಾರಿ ಹೇಳಿದ್ದ ಅಬೂನಾ, ಬಂದವರಿಗೆಂದು ಮೂಲೆಯಲ್ಲಿಟ್ಟಿದ್ದ ಕಾಫಿಯ ಕಡೆ ತಿರುಗಿಕೊಂಡರು. ಆಮೇಲೆ ಸಾಲು ಸಾಗಿತು. ಕೆಲವರು ನೆಲ ನೋಡುತ್ತಲೇ ಹಾದುಹೋದರು, ಸುಳ್ಳು ಹೇಳುವುದಿಲ್ಲ. ಆದರೆ ಹಾದುಹೋದರು.

ಎಲ್ಲರಿಗಿಂತ ಹಿಂದೆ ಬಂದವರು ಯಾರು ಗೊತ್ತೆ? ಚಿಕ್ಕಪ್ಪ. ನಮ್ಮ ಜೊತೆ ನಿಲ್ಲುವುದಿಲ್ಲ ಎಂದಿದ್ದರಲ್ಲ, ಆ ಮಾತು ಉಳಿಸಿಕೊಂಡು ಸಂತಾಪ ಹೇಳುವವರ ಸಾಲಿನಲ್ಲಿ ಬಂದರು. ಹನಾನಳ ಮುಂದೆ ನಿಂತರು. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಅವಳೂ ಬಾಗಿಸಿದಳು.

ಸಲೀಂ ನಿನ್ನನ್ನು ಕೇಳಿದ್ದಾರೆ. ಗಡಿ ತೆರೆದ ಕೂಡಲೇ ನಿನ್ನನ್ನು ನೋಡಲು ಬರುತ್ತೇವೆ. ದೇವಮಾತೆ ನಿನ್ನನ್ನು ಸೆರಗಿನಲ್ಲಿ ಕಾಯಲಿ, ನಿನ್ನ ಪ್ರಾರ್ಥನೆಯಲ್ಲಿ ಹನಾನಳಿಗೂ ಜಾಗವಿರಲಿ.

ನಿನ್ನ ಅಕ್ಕ,
ನಜ್ಲಾ

ಹೇಳದೆ ಉಳಿದದ್ದು: ಅಮ್ಮನ ಕೊನೆಯ ಮಾತೇನೆಂದು ನೀನು ಕಾಗದದಲ್ಲಿ ಕೇಳಿದ್ದೆ. ಜ್ವರ ಏರಿದ ಮೇಲೆ ಅವಳಿಗೆ ನನ್ನ ಗುರುತು ಸಿಗಲಿಲ್ಲ. ತುಟಿ ಒದ್ದೆ ಮಾಡುತ್ತಿದ್ದ ನನ್ನ ಕೈ ಹಿಡಿದು "ವಿದಾದ್, ಬಂದ್ಯಾ? ನೀನು ಬಂದ್ಯಲ್ಲ, ಇನ್ನು ನಂಗೆ ಯಾರೂ ಬೇಡ" ಎಂದಳು. "ಬಂದೆ ಅಮ್ಮ" ಎಂದೆ. ನನ್ನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ನಿನ್ನ ಹೆಸರಿನಲ್ಲಿ ಹರಸಿದಳು. ಆ ಆಶೀರ್ವಾದ ನಿನಗೆ ಸೇರಿದ್ದು, ಈ ಕಾಗದದಲ್ಲಿ ಕಳಿಸಿದ್ದೇನೆ. ಆದರೆ ಹಗಲೂ ರಾತ್ರಿ ಅವಳ ಹಾಸಿಗೆಯ ಪಕ್ಕ ಇದ್ದವಳು ನಾನು, ವಿದಾದ್. ಒಂದು ಸಲವೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಇದನ್ನು ಸಲೀಂಗೂ ಹೇಳಿಲ್ಲ. ನೀನು ಉತ್ತರ ಬರೆಯುವಾಗ ಅಕ್ಕ ಎನ್ನಬೇಡ. ನಜ್ಲಾ ಎಂದು ಬರೆ.