ಜ್ವರಕ್ಕೆ ಕೂತ ರಾಣಿ

ಹೊಂಗನೂರು, ಜೂನ್ 14, ಶನಿವಾರ

ಈ ಹಾಳು ಕಾದಂಬರಿಯನ್ನು ಯಾಕಾದರೂ ಹಿಡಿದೆನೋ. ಆರುನೂರು ಪುಟ, ಪುಟಕ್ಕೊಂದು ಹೆಣ. ಎಳೆ ಮಕ್ಕಳನ್ನೂ ಬಿಟ್ಟಿಲ್ಲ ಬರೆದ ಪುಣ್ಯಾತ್ಮ. ಆದರೂ ಒಲೆಯ ಮೇಲಿನ ಸಾರು ಸೀದುಹೋಗುವಷ್ಟು ಓದಿಸಿಕೊಂಡಿತು. ಪಿಯುಸಿ ಫೇಲಾದಾಗಿನಿಂದ ಬಾಯಿ ಬಿಡದ ಮಗಳು ನಿಸರ್ಗ ಇದನ್ನೇ ಓದುತ್ತಾಳೆ. ಅವಳೊಡನೆ ಮಾತಾಡಲು ಏನಾದರೂ ಸಿಕ್ಕೀತೆಂದು ನಾನೂ ಹಿಡಿದದ್ದು.

ಇವತ್ತು ಕಥೆಯ ರಾಣಿಯೂ ಬಿದ್ದಳು. ಹಿಮದ ಮೇಲೆ ಕಣ್ಣು ಮುಚ್ಚಿ, ಅಲುಗಾಡದೆ. ಅಲ್ಲಿಗೆ ಮೊದಲ ಭಾಗ ಮುಗಿಯಿತು. ಸಿಟ್ಟು ಬಂದು ಪುಸ್ತಕವನ್ನು ಜಗಲಿಯ ಮೂಲೆಗೆ ಎಸೆದೆ. ರೇಷ್ಮೆಹುಳದ ಮನೆಯಿಂದ ಬಂದ ಅತ್ತೆ ಏನಾಯಿತೆಂದು ಕೇಳಿದರು. ಕಥೆ ಹೇಳಿದೆ.

"ಸತ್ಲು ಅಂತ ಬರ್ದವ್ರಾ?"

"ಇಲ್ಲ ಅತ್ತೆ. ಮಿಸುಕಾಡ್ತಿಲ್ಲ ಅಂತ ಐತೆ."

"ಹಂಗಾದ್ರೆ ನಮ್ಮ ಹುಳದಂಗೆ ಜ್ವರಕ್ಕೆ ಕುಂತವ್ಳೆ ಕಣವ್ವ. ಪೊರೆ ಬುಟ್ಟು ಎದ್ದೇಳ್ತಾಳೆ. ಮದ್ವೆಯಾಗಿ ಬಂದ ವರ್ಸ, ಜ್ವರಕ್ಕೆ ಕುಂತಿದ್ದ ಹುಳಾನ ಸತ್ತವೆ ಅಂತ ತಿಪ್ಪೆಗೆ ಸುರಿದೋಳು ನೀನೇ ಅಲ್ವಾ?"

ಬಾಗಿಲ ಹಿಂದೆ ಕಿಸಕ್ಕನೆ ನಗು. ನಿಸರ್ಗ! ಎರಡು ತಿಂಗಳ ಮೇಲೆ. ಬಂದು, ಪುಸ್ತಕದ ಧೂಳು ಒರೆಸಿ ನನ್ನ ಕೈಗೇ ಕೊಟ್ಟಳು.

"ಅಜ್ಜಿ ಹೇಳಿದ್ದು ಸರಿನೋ ತಪ್ಪೋ, ನಾನು ಹೇಳಲ್ಲ. ಮುಂದಕ್ಕೆ ಓದಮ್ಮ."

ಆಗಿನಿಂದ ಒಂದೇ ಯೋಚನೆ. ಪೊರೆ ಕಳಚುವ ಮುಂಚೆ ಹೀಗೆ ಅಲುಗದೆ ಜ್ವರಕ್ಕೆ ಕೂತ ಹುಳಕ್ಕೆ ಯಾರೂ ಹಿಪ್ಪುನೇರಳೆ ಸೊಪ್ಪು ಹಾಕುವುದಿಲ್ಲ, ಮುಟ್ಟುವುದೂ ಇಲ್ಲ. ಅದು ತಾನಾಗಿಯೇ ಏಳಬೇಕು. ಇಷ್ಟು ವರ್ಷ ಹುಳ ಸಾಕಿದ ನಾನು ಎರಡು ತಿಂಗಳಿಂದ ಮಗಳಿಗೆ ಬುದ್ಧಿಮಾತಿನ ಸೊಪ್ಪು ಸುರಿದಿದ್ದೇ ಸುರಿದಿದ್ದು.

ಕಣ್ಣು ಎಳೆಯುತ್ತಿದೆ. ಒಂದೇ ಪುಟ ನೋಡಿ ಮಲಗುತ್ತೇನೆ, ರಾಣಿ ಎದ್ದಳೋ ಇಲ್ಲವೋ ಅಂತ.