ಅಮ್ಮನ ಕೈ ಕೆಳಗಿನ ಹೂಕುಂಡ

ಬಾಡಿಗೆ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ, ನಮ್ಮ ವಕೀಲಮ್ಮನೇ,

ಹೇಗಿದ್ದೀಯಾ? ಹಲ್ಲುನೋವು ಹೋಯಿತೇ? ಮೊನ್ನೆ ಫೋನಿನಲ್ಲಿ ಅಮ್ಮ ನಿನ್ನನ್ನು ಕೇಳುತ್ತಿದ್ದದ್ದು ಬಾಗಿಲಲ್ಲಿದ್ದ ನನ್ನ ಕಿವಿಗೂ ಬಿತ್ತು. ಬೇಗ ಹೋಗಿ ತೋರಿಸು. ಈ ವಿಷಯದಲ್ಲಿ ನೀನು ಥೇಟ್ ನನ್ನ ಹಾಗೆ, ನೋವು ಒಂದು ದಿನ ಸುಮ್ಮನಿದ್ದರೆ ವಾಸಿಯಾಯಿತೆಂದುಕೊಂಡು ಓಡಾಡುವವಳು. ಪರೀಕ್ಷೆ ಹತ್ತಿರ ಬಂದಿರಬೇಕು. ಚಿಕ್ಕಮ್ಮನ ಮನೆಯಲ್ಲಿ ಓದಲು ಒಂದು ಮೂಲೆಯಾದರೂ ಸಿಕ್ಕಿದೆಯೇ? ಅವಳ ಬಾಯಿ ಸ್ವಲ್ಪ ಜೋರು, ಆದರೆ ತಟ್ಟೆಗೆ ಬಡಿಸುವಾಗ ಕೈ ಬಿಗಿ ಹಿಡಿಯುವವಳಲ್ಲ, ಆ ಒಂದು ಸಮಾಧಾನ ನನಗಿದೆ. ನಾನು ಚೆನ್ನಾಗಿದ್ದೇನೆ. ಬಲಗಡೆಯ ಮೊಣಕಾಲು ಬೆಳಿಗ್ಗೆ ಹಿಡಿದುಕೊಳ್ಳುತ್ತದೆ. ಊರಿಗೆಲ್ಲ ಕಾಲು ಮಾಡಿಕೊಡುವವನಿಗೆ ಕಾಲುನೋವೇ ಎಂದು ನೀನು ನಗಬಹುದು. ನಗು, ಪರವಾಗಿಲ್ಲ.

ನೀನು ಹೋಗಿ ಎಂಟು ತಿಂಗಳಾಯಿತು. ಇದು ನನ್ನ ಮೊದಲ ಪತ್ರ. ಚರ್ಚಿನ ಸಭೆಯಲ್ಲಿ ಇನ್ನೂರು ಜನರ ಮುಂದೆ ನಿಂತು ಮುಕ್ಕಾಲು ಗಂಟೆ ದೇವರು ನಡೆಸಿದ ದಾರಿಯ ಸಾಕ್ಷಿ ಹೇಳುವವನು, ಮಗಳು ಫೋನ್ ಮಾಡಿದರೆ ರಿಸೀವರನ್ನು ಅಮ್ಮನ ಕೈಗೆ ಕೊಟ್ಟು ಚಪ್ಪಲಿ ಹುಡುಕಲು ಹೋಗುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲಿನಿಂದ ಬರೆದುಕೊಂಡು ಬಂದರೆ ಮಾತ್ರ ಎಲ್ಲಿ ಏನಾಯಿತೆಂದು ನನಗೇ ತಿಳಿಯುವುದು.

ಮನೆ ಬಿಟ್ಟ ಸುದ್ದಿಯನ್ನು ಅಮ್ಮ ಹೇಳಿರುತ್ತಾಳೆ. ವರ್ಷದ ಕೊನೆಗೆ ಸಮುದ್ರದಾಚೆಗೆ ಹೊರಟೇ ಬಿಡುತ್ತೇವೆ ಎಂದು ನಂಬಿ ಮಾಲೀಕರಿಗೆ ಮಾತು ಕೊಟ್ಟಿದ್ದೆ. ಆ ಮಾತಿಗೆ ಅವರು ಬೇರೆ ಬಾಡಿಗೆದಾರರನ್ನು ಹುಡುಕಿಕೊಂಡರು. ಈಗಿರುವುದು ಇಸ್ತ್ರಿ ಅಂಗಡಿಯ ಹಿಂದಿನ ಒಂದು ಕೋಣೆ. ನಡುವಿನ ಗೋಡೆ ಸಂಜೆಯವರೆಗೂ ಬೆಚ್ಚಗಿರುತ್ತದೆ, ನನ್ನ ಮೊಣಕಾಲಿಗೆ ಒಳ್ಳೆಯದು. ಮಂಚ, ಬೀರು, ನಿನ್ನ ಓದುವ ಮೇಜು ಎಲ್ಲ ಕಂಡವರ ಮನೆ ಸೇರಿದವು. ಉಳಿದಿರುವುದು ಪ್ರಯಾಣಕ್ಕೆಂದು ಕಟ್ಟಿದ ನಾಲ್ಕು ಪೆಟ್ಟಿಗೆ. ‘ಅಡುಗೆ’, ‘ಉಪಕರಣ’, ‘ಪುಸ್ತಕ’, ‘ಮಗಳು’ ಎಂದು ಅಮ್ಮ ದಪ್ಪ ಅಕ್ಷರದಲ್ಲಿ ಬರೆದಿದ್ದಳಲ್ಲ, ಅವೇ. ಮೂರನ್ನು ಬಿಚ್ಚಿದ್ದೇವೆ. ನಾಲ್ಕನೆಯದರ ಮೇಲೆ ಅಮ್ಮ ನೀರಿನ ಕೊಡ ಇಟ್ಟಿದ್ದಾಳೆ.

ನಾಲ್ಕು ವರ್ಷದ ಹಿಂದೆ ಆ ಡಾಕ್ಟರಮ್ಮ ನಮ್ಮ ಆಸ್ಪತ್ರೆಯ ಕೃತಕ ಕಾಲಿನ ವರ್ಕ್‌ಶಾಪಿಗೆ ಬಂದ ದಿನ ನಿನಗೂ ನೆನಪಿರಬೇಕು. ನೀನು ನನಗೆ ಊಟದ ಡಬ್ಬಿ ತಂದಿದ್ದೆ. ಸಮುದ್ರದಾಚೆಯ ಆ ದೇಶದಲ್ಲಿ ಯುದ್ಧ ಮುಗಿದರೂ ನೆಲದೊಳಗೆ ಹೂತಿಟ್ಟ ಸಿಡಿಮದ್ದು ಮುಗಿದಿಲ್ಲ, ಹೊಲಕ್ಕೆ ಹೋದವರು ಒಂದು ಕಾಲಿನಲ್ಲಿ ವಾಪಸ್ ಬರುತ್ತಾರೆ, ಕಾಲು ಕತ್ತರಿಸುವ ಡಾಕ್ಟರು ನಾನಿದ್ದೇನೆ, ಕಾಲು ಕೊಡುವವರು ಯಾರೂ ಇಲ್ಲ ಎಂದರು. ಅವರು ಹೋದ ಮೇಲೂ ನಾನು ಅರ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಇದು ಕರ್ತನ ಕರೆ ಎಂದು ಅಂದೇ ಅಮ್ಮನಿಗೆ ಹೇಳಿದೆ. ಅಮ್ಮ, “ನಮ್ಮ ಮೂವರಿಗೂನಾ?” ಎಂದಳು. ಹೌದು ಎಂದುಬಿಟ್ಟೆ. ಯಾರನ್ನೂ ಕೇಳಿರಲಿಲ್ಲ, ನಿನ್ನನ್ನಂತೂ ಕೇಳಲೇ ಇಲ್ಲ.

ಆಮೇಲಿನದು ನಿನಗೆ ಗೊತ್ತು. ಭಾನುವಾರಕ್ಕೊಂದು ಸಭೆ. ಮೂವರ ಫೋಟೊ ಇರುವ ಪ್ರಾರ್ಥನಾ ಕಾರ್ಡು, ಅದನ್ನು ಜನ ತಮ್ಮ ಬೈಬಲ್ಲಿನೊಳಗೆ ಇಟ್ಟುಕೊಂಡು ದಿನಾ ನಮ್ಮ ಹೆಸರು ಹಿಡಿದು ಪ್ರಾರ್ಥಿಸಬೇಕು, ನಮ್ಮ ಪ್ರಯಾಣಕ್ಕೂ ಅಲ್ಲಿನ ಖರ್ಚಿಗೂ ಕೈಲಾದದ್ದು ಕಳಿಸಬೇಕು. ಜೊತೆಗೆ ಚೀಲದಲ್ಲಿ ಆ ಪುಟ್ಟ ಕೃತಕ ಕಾಲು. ಬಸ್ಸಿನಲ್ಲಿ ಒಮ್ಮೆ ಅದು ಚೀಲದಿಂದ ಹೊರಗೆ ಇಣುಕಿ, ಪಕ್ಕದ ಸೀಟಿನ ಹೆಂಗಸು ಚೀರಿಕೊಂಡು, ನೀನು ಮಾತ್ರ ಗಂಭೀರವಾಗಿ “ಹೆದರಬೇಡಿ ಆಂಟಿ, ಉಳಿದದ್ದು ಮನೇಲಿದೆ” ಎಂದೆಯಲ್ಲ. ಅಮ್ಮ ಆ ದಿನ ನಕ್ಕ ಹಾಗೆ ಆಮೇಲೆ ನಕ್ಕದ್ದನ್ನು ನಾನು ನೋಡಿಲ್ಲ.

ಆ ಕಾಲಿನ ವಿಷಯಕ್ಕೇ ಬರುತ್ತೇನೆ. ಅಲ್ಲಿನ ಎಂಟು ವರ್ಷದ ಹುಡುಗಿಯೊಬ್ಬಳ ತೊಡೆಯ ಪ್ಲಾಸ್ಟರ್ ಅಚ್ಚನ್ನು ಡಾಕ್ಟರಮ್ಮ ಯಾರದೋ ಕೈಯಲ್ಲಿ ಕಳಿಸಿದ್ದರು. ಹದಿನೈದು ದಿನ ಕೂತು ಮಾಡಿದೆ. ನನ್ನ ಇಪ್ಪತ್ತೊಂದು ವರ್ಷದ ಕೆಲಸದಲ್ಲಿ ಅಷ್ಟು ಹಗುರದ ಕಾಲನ್ನು ಮಾಡಿರಲಿಲ್ಲ. “ಯಾರಾದರೂ ಬರುವವರ ಕೈಗೆ ಕೊಡಿ, ತೊಡಿಸಿ ಸರಿಮಾಡುವುದನ್ನು ನಾನು ಹೇಗೋ ನೋಡಿಕೊಳ್ಳುತ್ತೇನೆ” ಎಂದು ಅವರು ಬರೆದಿದ್ದರು. ನಾನು ಕೊಡಲಿಲ್ಲ. ಹೇಗೂ ಹೋಗುತ್ತೇವಲ್ಲ, ನನ್ನ ಕೈಯಾರೆ ತೊಡಿಸುತ್ತೇನೆ ಎಂದು ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಆ ಕಾಲನ್ನು ಎತ್ತಿ ಹಿಡಿದಾಗ ಸಭೆ ಇಡೀ ನಿಶ್ಶಬ್ದವಾಗುತ್ತಿತ್ತು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅದಿಲ್ಲದೆ ಹೋದರೆ ನನ್ನ ಮಾತು ಬರೀ ಮಾತು ಎಂದು ನನಗೆ ಗೊತ್ತಿತ್ತು. ಒಂದು ದಿನ ನೀನು ಅದರ ಧೂಳು ಒರೆಸುತ್ತಾ, “ಅಪ್ಪ, ಇದು ಇನ್ನೂ ಯಾಕೆ ನಮ್ಮನೇಲಿದೆ? ಅವಳಿಗೆ ಈಗ ಒಂಬತ್ತು ಆಯ್ತಲ್ಲ” ಎಂದೆ. ನಾನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಅದಾದ ಮುಂದಿನ ವಾರವೇ ದೊಡ್ಡ ಸಭೆ. ಹಿರಿಯರು ನಮ್ಮನ್ನು ಮುಂದೆ ನಿಲ್ಲಿಸಿ, ಒಬ್ಬೊಬ್ಬರೂ ಮೈಕಿನಲ್ಲಿ ‘ನಾನು ಸಿದ್ಧ’ ಎಂದು ಹೇಳಿ ಎಂದರು. ನಾನು ಹೇಳಿದೆ, ಅಮ್ಮ ಹೇಳಿದಳು. ನೀನು ಮೈಕ್ ಹಿಡಿದು, “ಅಪ್ಪನಿಗೆ ಕರೆ ಬಂದಿದೆ ಅಂತಾರೆ. ನನಗೆ ಬಂದಿಲ್ಲ. ಬಂದಿರೋ ಥರ ನಟಿಸೋಕೆ ಆಗಲ್ಲ, ಕ್ಷಮಿಸಿ” ಎಂದೆ. ನಿನ್ನ ದನಿ ನಡುಗುತ್ತಿತ್ತು, ಅದು ನನಗೆ ಈಗ ನೆನಪಾಗುತ್ತದೆ. ಅಂದು ನನ್ನ ಕಿವಿಯಲ್ಲಿ ಇದ್ದದ್ದು ಹಿಂದಿನ ಬೆಂಚಿನ ಗುಸುಗುಸು ಒಂದೇ. ಮನೆಗೆ ನಡೆದು ಬರುವಾಗ ರಸ್ತೆಯ ಮಧ್ಯೆ ನಿಂತು ನಾನು, “ದೇವರಿಗೆ ಎದುರು ನಿಲ್ಲೋರಿಗೆ ನನ್ನ ಮನೇಲಿ ಜಾಗ ಇಲ್ಲ” ಎಂದೆ. ನೀನು ಮಾತಿಗೆ ಮಾತು ಕೊಡುವ ಹುಡುಗಿ, ಅಂದು ಮನೆಗೆ ಬಂದವಳೇ ಬಟ್ಟೆ ಮಡಚತೊಡಗಿದೆ. ಮರುದಿನ ಚಿಕ್ಕಮ್ಮನ ಮನೆಗೆ ಹೊರಟೆ. ಈಗ ನೋಡು, ಅಷ್ಟು ಜೋರಾಗಿ ಹೇಳಿದವನಿಗೆ ಮನೆಯೂ ಇಲ್ಲ.

ಇನ್ನು ನಿನಗೆ ಗೊತ್ತಿಲ್ಲದ್ದು. ಅಮ್ಮ ಹೇಳಿರಲಾರಳು, ಅವಳಿಗೆ ನನ್ನ ಮಾನ ಕಾಯುವ ಅಭ್ಯಾಸ. ನೀನು ಹೋದ ಮೇಲೆ ಎಲ್ಲಿ ಹೋದರೂ ಜನ ಕಾರ್ಡು ನೋಡಿ, “ಮಗಳು ಬಂದಿಲ್ವಾ?” ಎಂದು ಕೇಳುತ್ತಿದ್ದರು. ನಮ್ಮನ್ನು ಕಳಿಸಬೇಕಿದ್ದ ಮಿಷನ್ ಕಮಿಟಿಯ ಹಿರಿಯರು ನನ್ನನ್ನು ಕರೆಸಿ, ಚಹಾ ಕೊಟ್ಟು, ತುಂಬಾ ಮೆತ್ತಗೆ, “ಬರದೇ ಇರೋರನ್ನ ಬರ್ತಾರೆ ಅಂತ ತೋರಿಸೋದು ಸುಳ್ಳಾಗುತ್ತೆ ಬ್ರದರ್” ಎಂದರು. ಆ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಹೊಸ ಫೋಟೊ ತೆಗೆಸೋಣವೆಂದರೆ ಅಮ್ಮ ಒಪ್ಪುವುದಿಲ್ಲವೆಂದು ಗೊತ್ತಿತ್ತು. ಹಳೆಯದನ್ನೇ ಪ್ರೆಸ್ಸಿನವನಿಗೆ ಕೊಟ್ಟೆ. ಅವನು ಕಂಪ್ಯೂಟರಿನಲ್ಲಿ ನಿನ್ನನ್ನು ಅಳಿಸಿದ. ಅಳಿಸುವಾಗ ನಾನು ಹಿಂದೆಯೇ ಸ್ಟೂಲಿನ ಮೇಲೆ ಕೂತಿದ್ದೆ. ಮೊದಲು ಭುಜ ಹೋಯಿತು, ಆಮೇಲೆ ಮುಖ. ಅಮ್ಮನ ಕೈ ನಿನ್ನ ಭುಜದ ಮೇಲಿತ್ತಲ್ಲ, ಅದು ಗಾಳಿಯಲ್ಲಿ ಉಳಿಯಿತು. “ಇದು ಚೆನ್ನಾಗಿ ಕಾಣಲ್ಲ ಸಾರ್” ಎಂದು ಅವನು ಅದರ ಕೆಳಗೆ ಒಂದು ಎತ್ತರದ ಹೂಕುಂಡ ತಂದಿಟ್ಟ. ಹಳದಿ ಹೂವು ಬೇಕಾ, ಕೆಂಪಾ ಎಂದು ಕೇಳಿದ. ನಾನು ಹಳದಿ ಎಂದೆ.

ಮುಂದಿನ ಭಾನುವಾರ ಅಮ್ಮ ಎಂದಿನಂತೆ ಬಾಗಿಲಲ್ಲಿ ನಿಂತು ಕಾರ್ಡು ಹಂಚತೊಡಗಿದಳು. ಕಟ್ಟು ಬಿಚ್ಚಿ ನಾಲ್ಕೈದು ಕೊಟ್ಟ ಮೇಲೆ ಒಂದನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಉಳಿದದ್ದನ್ನು ಬೆಂಚಿನ ಮೇಲೆ ಅಂದವಾಗಿ ಜೋಡಿಸಿಟ್ಟು ಹೊರಗೆ ಹೋದಳು. ಆರಾಧನೆ ಮುಗಿಸಿ ನಾನು ಹುಡುಕಿಕೊಂಡು ಹೋದಾಗ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದಳು. ಮನೆಗೆ ಬಂದು ಬೀಗ ತೆಗೆಯುವಾಗ, “ನಿಮ್ಮ ಹತ್ತಿರ ದೇವರು ಮಾತಾಡ್ತಾರಲ್ಲ, ಮಗಳ ವಿಷಯ ಏನಾದ್ರೂ ಹೇಳಿದ್ರಾ?” ಎಂದಳು, ಅಷ್ಟೇ. ಅಂದಿನಿಂದ ಅವಳು ಯಾವ ಸಭೆಗೂ ಬಂದಿಲ್ಲ. ನನಗೆ ಊಟ ಹಾಕುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಮೊಣಕಾಲಿಗೆ ಎಣ್ಣೆಯನ್ನೂ ಬಿಸಿ ಮಾಡಿ ಕೊಡುತ್ತಾಳೆ. ಬೈದಿದ್ದರೆ ಚೆನ್ನಾಗಿತ್ತು.

ಒಬ್ಬನೇ ಹೋಗತೊಡಗಿದೆ. ಈಗ ಜನರ ಪ್ರಶ್ನೆ, “ಹೆಂಡತಿ ಬಂದಿಲ್ವಾ?” ಎಂದಾಯಿತು. ಒಂದು ಸಭೆಯವರು ಚಾವಣಿ ಸೋರುತ್ತಿದೆ ಎಂದರು, ಇನ್ನೊಂದರವರು ಪಾಸ್ಟರ್ ಬದಲಾದರು ಎಂದರು. ತಿಂಗಳು ತಿಂಗಳಿಗೂ ಹಣ ಕಳಿಸುವ ಮಾತು ಕೊಟ್ಟವರು ಕೈ ಬಿಡುತ್ತಾ ಹೋದರು. ನಾನು ಅವರನ್ನು ದೂರುವುದಿಲ್ಲ. ಒಂದೇ ಸಾಕ್ಷಿಯನ್ನು ನೂರು ಸಲ ಹೇಳಿ ಹೇಳಿ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಬಾಯಿಪಾಠ ಎನ್ನುವುದು ಕೇಳುವವರಿಗೂ ತಿಳಿಯುತ್ತದೆ.

ಕಳೆದ ವಾರ ಕಮಿಟಿಯ ಪತ್ರ ಬಂತು. ಹಣ ಕೂಡಿಸಲು ಕೊಟ್ಟ ಅವಧಿ ಮುಗಿದಿದೆ, ಕುಟುಂಬದಲ್ಲಿ ಒಮ್ಮತವಿಲ್ಲ, ಆದ್ದರಿಂದ ನಿಮ್ಮ ಹೆಸರನ್ನು ಕೈಬಿಟ್ಟಿದ್ದೇವೆ, ದೇವರು ನಿಮ್ಮನ್ನು ಬೇರೆ ದಾರಿಯಲ್ಲಿ ನಡೆಸಲಿ ಎಂದು ಬರೆದಿದ್ದಾರೆ. ಅದೇ ಲಕೋಟೆಯಲ್ಲಿ ಡಾಕ್ಟರಮ್ಮನ ಚೀಟಿಯೂ ಇತ್ತು. ಕಾಲಿನ ವರ್ಕ್‌ಶಾಪಿಗೆಂದು ಖಾಲಿ ಇಟ್ಟಿದ್ದ ಕೋಣೆಯನ್ನು ಔಷಧಿ ಇಡಲು ತೆಗೆದುಕೊಂಡರಂತೆ. “ಆ ಮಗುವಿನ ಕಾಲನ್ನು ದಯವಿಟ್ಟು ಇನ್ನು ಕಳಿಸಬೇಡಿ. ಅವಳು ಗೇಣುದ್ದ ಬೆಳೆದಿದ್ದಾಳೆ. ಊರುಗೋಲಿನಲ್ಲೇ ಓಡಾಡುವುದನ್ನು ಕಲಿತಿದ್ದಾಳೆ” ಎಂದಿದ್ದಾರೆ. ಒಂದು ಕಟು ಮಾತಿಲ್ಲ. ಎರಡು ವರ್ಷ ಆ ಕಾಲು ನನ್ನ ಚೀಲದಲ್ಲಿತ್ತು ಮಗಳೇ. ಆ ಎರಡು ವರ್ಷ ಅವಳು ಅದರಲ್ಲಿ ನಡೆಯಬಹುದಿತ್ತು. ಈಗ ಆ ಕಾಲು ಸರಿಹೊಂದುವವರು ಇಡೀ ಲೋಕದಲ್ಲಿ ಯಾರೂ ಇಲ್ಲ.

ಹಳೆಯ ವರ್ಕ್‌ಶಾಪಿಗೆ ಹೋಗಿ, ಈ ಕರೆಗೆಂದು ನಾನೇ ಬಿಟ್ಟಿದ್ದ ಕೆಲಸವನ್ನು ಮತ್ತೆ ಕೇಳಿದೆ. ನನ್ನ ಕೈ ಕೆಳಗೆ ಕಲಿತವನು ಈಗ ನನ್ನ ಜಾಗದಲ್ಲಿದ್ದಾನೆ. ಒಳ್ಳೆಯವನು, ನನ್ನನ್ನು ನೋಡಿ ಎದ್ದು ನಿಂತ. “ಬೆಲ್ಟು ಹೊಲಿಯೋ ಕೆಲಸ ಇದೆ ಸಾರ್, ವಾರಕ್ಕೆ ಮೂರು ದಿನ ಬನ್ನಿ” ಎಂದ. ರೋಗಿಗಳ ಅಳತೆ ತೆಗೆಯುವುದು, ಮೊದಲ ಹೆಜ್ಜೆ ಇಡಿಸುವುದು ಅವನ ಕೆಲಸ. ನಾನು ಕಿಟಕಿ ಪಕ್ಕ ಕೂತು ಚರ್ಮಕ್ಕೆ ತೂತು ಹಾಕುತ್ತೇನೆ, ರಿವೆಟ್ ಹೊಡೆಯುತ್ತೇನೆ. ನಿನ್ನೆ ಒಬ್ಬ ಮುದುಕ ಮೊದಲ ಬಾರಿ ಕಾಲು ತೊಟ್ಟು ಕಂಬಿ ಹಿಡಿದು ಗೋಡೆಯವರೆಗೆ ನಡೆದು ಹೋಗಿ ಬಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ಎತ್ತಲಿಲ್ಲ.

ಪ್ರಾರ್ಥನೆಗೆ ಈಗಲೂ ಮಂಡಿಯೂರುತ್ತೇನೆ, ಅಭ್ಯಾಸಬಲ. ಮಾತು ಹೊರಡುವುದಿಲ್ಲ. ಅಂದು ಕರ್ತನು ಕರೆದನೋ, ಇಲ್ಲ ನಾನೇ ಕೂಗಿ ನಾನೇ ಓಗೊಟ್ಟೆನೋ, ನನಗೆ ತಿಳಿಯದು. ತಿಳಿದುಕೊಳ್ಳುವ ದಾರಿಯೂ ಕಾಣುವುದಿಲ್ಲ. ನಿನಗೆ ಕರೆ ಬಂದಿಲ್ಲವೆಂದು ನೀನು ಹೇಳಿದ್ದು ಮಾತ್ರ ನಿಜ. ಆ ಸಭೆಯಲ್ಲಿ ಅಂದು ನಿಜ ಹೇಳಿದವಳು ನೀನೊಬ್ಬಳೇ. ಇದನ್ನು ಹೇಳಲು ನನಗೆ ಎಂಟು ತಿಂಗಳು ಬೇಕಾಯಿತು. ನನ್ನನ್ನು ಕ್ಷಮಿಸು ಎಂದು ಕೇಳಲು ಮುಖವಿಲ್ಲ. ಕೇಳದೆ ಇರಲೂ ಆಗುತ್ತಿಲ್ಲ.

ಚಿಕ್ಕಮ್ಮನಿಗೆ ನನ್ನ ವಂದನೆ ತಿಳಿಸು. ಅವಳು ಬೈದರೆ ಬೈಯಲಿ, ನನ್ನ ಪರವಾಗಿ ವಾದ ಮಾಡಬೇಡ ವಕೀಲಮ್ಮ. ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಊಟ ಮಾಡು. ಹರಸುವ ಯೋಗ್ಯತೆ ಉಳಿದಿದ್ದರೆ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತೇನೆ.

ನಿನ್ನ
ಅಪ್ಪ

ಮರೆತ ಮಾತು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ, ಅಂಚೆಯ ಹೊತ್ತಾಯಿತು. ಇಷ್ಟೆಲ್ಲ ಬರೆದದ್ದು ಇದನ್ನು ಹೇಳುವುದಕ್ಕೇ, ಆದರೆ ಬರೆಯುತ್ತಾ ಬರೆಯುತ್ತಾ ತಪ್ಪಿಸಿಕೊಂಡೆ. ಶನಿವಾರ ಬೆಳಗಿನ ಬಸ್ಸಿಗೆ ಅಮ್ಮ ನಿನ್ನಲ್ಲಿಗೆ ಹೊರಟಿದ್ದಾಳೆ. ಅವಳಿಗೆ ಹೇಳಬೇಡಿ, ನಾನೇ ಹೋಗಿ ಬಾಗಿಲು ತಟ್ಟುತ್ತೇನೆ ಎಂದಿದ್ದಾಳೆ. ಒಂದೇ ಚೀಲ. ಕನ್ನಡಕ, ಕತ್ತರಿ, ಎರಡು ಸ್ವೆಟರು ಇಟ್ಟುಕೊಂಡಿದ್ದಾಳೆ. ಅವಳ ಬೈಬಲ್ ಕಿಟಕಿಯಲ್ಲೇ ಇದೆ, ಮರೆತು ಬಿಟ್ಟದ್ದಲ್ಲ. ಮಧ್ಯಾಹ್ನ ಎರಡಕ್ಕೆ ಬಸ್ಸು ಅಲ್ಲಿಗೆ ಬರುತ್ತದೆ, ನೀನೇ ನಿಲ್ದಾಣಕ್ಕೆ ಹೋಗು, ಚಿಕ್ಕಮ್ಮನನ್ನು ಕಳಿಸಬೇಡ. ಹಸಿವಿಲ್ಲ ಎನ್ನುತ್ತಾಳೆ, ನಂಬಬೇಡ. ಎಷ್ಟು ದಿನಕ್ಕೆ ಹೋಗುತ್ತಿದ್ದೀಯ ಎಂದು ನಾನು ಕೇಳಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ. ನೀನೂ ಕೇಳಬೇಡ.